ಪರದೆ ಕಪ್ಪಾದರೆ ಲ್ಯಾಪ್‌ಟಾಪ್ ಸತ್ತಿಲ್ಲ

ಲ್ಯಾಪ್‌ಟಾಪ್ ಆನ್ ಮಾಡಿದಾಗ ಪರದೆ ಕಪ್ಪಗೆ ನಿಂತರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ‘ಡಿಸ್‌ಪ್ಲೇ ಹೋಯ್ತು.’ ಫ್ಯಾನ್ ತಿರುಗುತ್ತಿರುತ್ತದೆ, ದೀಪ ಉರಿಯುತ್ತಿರುತ್ತದೆ, ಆದರೂ ತೀರ್ಪು ಆಗಿಹೋಗಿರುತ್ತದೆ. ಅಲ್ಲಿಂದ ಅದು ಚೀಲ ಸೇರಿ, ಬಸ್ ಹತ್ತಿ, ತಾಲ್ಲೂಕು ಕೇಂದ್ರದ ಅಂಗಡಿಗೆ ಹೋಗುತ್ತದೆ. ಅಲ್ಲಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. ಒಂದು, ‘ಡಿಸ್‌ಪ್ಲೇ ಬದಲಾಯಿಸಬೇಕು.’ ಇನ್ನೊಂದು, ‘ಫಾರ್ಮ್ಯಾಟ್ ಮಾಡಬೇಕು.’ ಮೊದಲನೆಯದರಲ್ಲಿ ದುಡ್ಡು ಹೋಗುತ್ತದೆ. ಎರಡನೆಯದರಲ್ಲಿ ಒಳಗಿದ್ದದ್ದೆಲ್ಲ ಹೋಗುತ್ತದೆ.

ಬೋರ್‌ವೆಲ್ ವಿಷಯದಲ್ಲಿ ನಾವ್ಯಾರೂ ಹೀಗೆ ಮಾಡುವುದಿಲ್ಲ. ಪೈಪಿನಲ್ಲಿ ನೀರು ಬರಲಿಲ್ಲ ಅಂದ ಕೂಡಲೇ ಮೋಟರ್ ಎತ್ತುವ ಗಾಡಿ ಕರೆಸುತ್ತೇವೆಯೇ? ಇಲ್ಲ. ಮೂರೂ ಫೇಸ್ ಇದೆಯಾ ನೋಡುತ್ತೇವೆ. ಸ್ಟಾರ್ಟರ್ ಎಳೀತಾ ಇದೆಯಾ, ಫ್ಯೂಸ್ ಹೋಗಿದೆಯಾ, ಕೇಬಲ್ ಇಲಿ ಕಡಿದಿದೆಯಾ, ದಾರಿಯಲ್ಲಿ ಪೈಪ್ ಒಡೆದಿದೆಯಾ ಅಂತ ಒಂದೊಂದೇ ನೋಡಿಕೊಂಡು ಹೋಗುತ್ತೇವೆ. ಮೋಟರ್ ಎತ್ತುವುದು ಕೊನೆಯ ಮಾತು. ಲ್ಯಾಪ್‌ಟಾಪಿಗೂ ಅದೇ ಲೆಕ್ಕ. ಅದರಲ್ಲೂ ಲಿನಕ್ಸ್ ಹಾಕಿಕೊಂಡಿರುವ ಲ್ಯಾಪ್‌ಟಾಪಿನಲ್ಲಿ ಈ ತಪಾಸಣೆಯನ್ನು ಮನೆಯಲ್ಲೇ, ಕೈಯಲ್ಲೊಂದು ಫೋನ್ ಇಟ್ಟುಕೊಂಡು ಮಾಡಬಹುದು. ಹೇಗೆ ಎಂದು ನಮ್ಮ ಲ್ಯಾಪ್‌ಟಾಪಿನ ಕತೆಯ ಜೊತೆಗೇ ಹೇಳುತ್ತೇವೆ.

ನಾವು ನಾಲ್ಕು ಜನ ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ನಾಲ್ವರಿಗೂ ಸೇರಿ ಒಂದು ಲ್ಯಾಪ್‌ಟಾಪ್ ಇದೆ, ಹಳೆಯದು. ಅದರ ಬ್ಯಾಟರಿ ಐದು ನಿಮಿಷವೂ ಬರುವುದಿಲ್ಲ. ಹಳೆಯ ಯಂತ್ರಗಳ ಮೇಲೆ ವಿಂಡೋಸ್ 11 ಕೂರುವುದಿಲ್ಲ, ಅದಕ್ಕೆ ಬೇಕಾದ ಭದ್ರತಾ ಚಿಪ್ ಅನೇಕ ಹಳೆಯ ಯಂತ್ರಗಳಲ್ಲಿ ಇರುವುದೇ ಇಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಾಗಿ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡಿದ್ದೇವೆ. ಕಾಸಿಲ್ಲದೆ ಸಿಗುತ್ತದೆ, ಕನ್ನಡ ಟೈಪಿಂಗ್ ಚೆನ್ನಾಗಿ ನಡೆಯುತ್ತದೆ, ವೈರಸ್ ಕಾಟ ಕಡಿಮೆ.

ಈ ವರ್ಷ ನಾವು ಸುತ್ತಲಿನ ಕೆರೆಗಳ ನೀರುಗಂಟಿಗಳನ್ನು ಮಾತಾಡಿಸುತ್ತಿದ್ದೇವೆ. ನೀರುಗಂಟಿ ಅಂದರೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿ ಬಿಡುವವರು. ಹಳೇ ಮೈಸೂರಿನ ಬಯಲು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಗ ಕೆರೆ ತುಂಬುವುದೇ ಅಪರೂಪ, ಬೋರ್‌ವೆಲ್ ಬಂದ ಮೇಲೆ ಆ ಕೆಲಸವೂ ಇಲ್ಲ. ಪಕ್ಕದೂರಿನ ಒಬ್ಬ ತಾತ ಐವತ್ತು ವರ್ಷ ಆ ಕೆಲಸ ಮಾಡಿದವರು. ಅವರ ಜೊತೆ ಹನ್ನೊಂದು ಸಲ ಕೂತು ರೆಕಾರ್ಡ್ ಮಾಡಿದೆವು. ನೀರು ಕಡಿಮೆಯಾದ ವರ್ಷ ಹೇಗೆ ಹಂಚುತ್ತಿದ್ದರು, ಜಗಳ ಬಂದರೆ ಯಾರು ಕೂತು ಬಗೆಹರಿಸುತ್ತಿದ್ದರು, ತೂಬಿನ ಸದ್ದು ಕೇಳಿಯೇ ಕೆರೆಯಲ್ಲಿ ಎಷ್ಟು ನೀರಿದೆ ಅಂತ ಹೇಗೆ ಹೇಳುತ್ತಿದ್ದರು, ಎಲ್ಲ ಅದರಲ್ಲಿತ್ತು. ಫೋನಿನಲ್ಲಿ ಜಾಗ ಸಾಲದೆ ಫೈಲುಗಳು ಲ್ಯಾಪ್‌ಟಾಪಿಗೆ ಹೋಗಿದ್ದವು. ಹೊರಗಿನ ಹಾರ್ಡ್ ಡಿಸ್ಕಿಗೆ ನಾಲ್ವರೂ ದುಡ್ಡು ಕೂಡಿಸುತ್ತಿದ್ದೆವು.

ತಾತ ತೀರಿಕೊಂಡರು. ಎಂಟನೇ ದಿನ ಅವರ ಮೊಮ್ಮಗಳು ಫೋನ್ ಮಾಡಿದಳು. ‘ಅಣ್ಣಾ, ಹನ್ನೊಂದಕ್ಕೆ ತಿಥಿ. ನಮ್ ತಾತನ ದನಿ ನಿಮ್ಮತ್ರ ಐತಲ್ಲ, ಅವತ್ತು ಎಲ್ರಿಗೂ ಕೇಳಿಸಾನಾ ಅಂತ ಅಪ್ಪ ಅಂತಾವ್ರೆ. ತರ್ತೀರಾ?’ ತರುತ್ತೇವೆ ಎಂದೆವು.

ಅವತ್ತು ರಾತ್ರಿ ಲ್ಯಾಪ್‌ಟಾಪ್ ತನ್ನ ಪಾಡಿಗೆ ಅಪ್‌ಡೇಟ್ ಆಗುತ್ತಿತ್ತು. ನಡುವೆ ಕರೆಂಟ್ ಹೋಯಿತು. ಬ್ಯಾಟರಿ ಕೈಬಿಟ್ಟಿತು. ಬೆಳಿಗ್ಗೆ ಆನ್ ಮಾಡಿದರೆ ಕಂಪನಿಯ ಲೋಗೋ ಬಂತು, ಹೋಯಿತು, ಆಮೇಲೆ ಬರೀ ಕಪ್ಪು. ಎರಡು ಸಲ, ಮೂರು ಸಲ, ಅದೇ ಕಪ್ಪು. ಅಂಗಡಿಗೆ ಫೋನ್ ಮಾಡಿದೆವು. ‘ತಗೊಂಬನ್ನಿ, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕ್ಕೊಡ್ತೀನಿ, ಸಂಜೆಗೆ ರೆಡಿ’ ಎಂದರು. ಅವರು ಕೆಟ್ಟವರಲ್ಲ, ಅವರ ಕೈಗೆ ಪಳಗಿದ್ದು ವಿಂಡೋಸ್. ಆದರೆ ಫಾರ್ಮ್ಯಾಟ್ ಎಂಬ ಮಾತು ಕೇಳಿದಾಗ ನಮಗೆ ತಾತನ ಮುಖ ಕಣ್ಣ ಮುಂದೆ ಬಂತು.

ಬೆಂಗಳೂರಿನಲ್ಲಿರುವ ಕಾಲೇಜಿನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆವು. ಅವರು ಕೇಳಿದ ಮೊದಲ ಪ್ರಶ್ನೆಯೇ ನಮ್ಮ ಅರ್ಧ ಭಯ ಇಳಿಸಿತು.

‘ಶುರುನಲ್ಲಿ ಕಂಪನಿ ಲೋಗೋ ಕಾಣ್ತಾ?’

‘ಕಾಣ್ತು ಅಣ್ಣ.’

‘ಹಂಗಾದ್ರೆ ಡಿಸ್‌ಪ್ಲೇ ಹೋಗಿಲ್ಲ ಬಿಡಿ. ಹೋಗಿರೋ ಡಿಸ್‌ಪ್ಲೇಲಿ ಲೋಗೋ ಎಲ್ಲಿಂದ ಬರ್ತದೆ?’

ಇಷ್ಟೇ ವಿಷಯ. ಆದರೆ ಇದೊಂದು ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಸಾವಿರಾರು ರೂಪಾಯಿ ಉಳಿಯುತ್ತದೆ.

ಒಳಗೆ ಏನು ನಡೆಯುತ್ತದೆ

ಬಟನ್ ಒತ್ತಿದ ಮೇಲೆ ಕೆಲಸ ಸಾಲಾಗಿ ನಡೆಯುತ್ತದೆ. ಮೊದಲು ಯಂತ್ರದೊಳಗೇ ಕೂತಿರುವ ಚಿಕ್ಕ ಪ್ರೋಗ್ರಾಂ ಏಳುತ್ತದೆ. ಅದನ್ನು ಬಯಾಸ್ ಎನ್ನುತ್ತಾರೆ, ಈಚಿನ ಯಂತ್ರಗಳಲ್ಲಿ ಯುಇಎಫ್‌ಐ. ಲೋಗೋ ತೋರಿಸುವುದು ಅದೇ. ಅದು ಗ್ರಬ್ ಎಂಬುದಕ್ಕೆ ಕೆಲಸ ಒಪ್ಪಿಸುತ್ತದೆ. ಗ್ರಬ್ ಲಿನಕ್ಸಿನ ತಿರುಳಾದ ಕರ್ನಲ್ ಅನ್ನು ಎಬ್ಬಿಸುತ್ತದೆ. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಶುರು ಮಾಡಿದ್ದು ಈ ಕರ್ನಲ್ ಅನ್ನೇ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಇದೆ. ಕರ್ನಲ್ ಎದ್ದ ಮೇಲೆ ಉಳಿದ ಸೇವೆಗಳು, ಕೊನೆಗೆ ನೀವು ಪಾಸ್‌ವರ್ಡ್ ಹಾಕುವ ಪರದೆ.

ಕರ್ನಲ್‌ಗೂ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್‌ಗೂ ನಡುವೆ ಮಾತು ದಾಟಿಸುವ ದುಭಾಷಿಯೇ ಡ್ರೈವರ್. ದುಭಾಷಿ ಬರದಿದ್ದರೆ ಇಬ್ಬರೂ ಚೆನ್ನಾಗಿಯೇ ಇರುತ್ತಾರೆ, ಆದರೆ ಮಾತು ನಡೆಯುವುದಿಲ್ಲ. ಪರದೆ ಕಪ್ಪು.

ಕೆಲವು ಡ್ರೈವರ್‌ಗಳು ಕರ್ನಲ್ ಜೊತೆಗೇ ಬರುತ್ತವೆ. ಇಂಟೆಲ್ ಮತ್ತು ಎಎಂಡಿ ಚಿಪ್‌ಗಳದ್ದು ಹಾಗೆ. ಎನ್‌ವಿಡಿಯಾದ ಡ್ರೈವರ್ ಬಹುಕಾಲ ಗುಟ್ಟಾಗಿ, ಬೇರೆಯಾಗಿ ಬರುತ್ತಿತ್ತು. 2012ರಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಟೊರ್ವಾಲ್ಡ್ಸ್ ಇದೇ ವಿಚಾರಕ್ಕೆ ಆ ಕಂಪನಿಯ ಮೇಲೆ ಬಹಿರಂಗವಾಗಿ ರೇಗಿದ್ದರು. ಕಂಪನಿಯ ನೆರವಿಲ್ಲದೆ, ಚಿಪ್‌ನ ನಡೆ ನೋಡಿ ನೋಡಿಯೇ ಸ್ವಯಂಸೇವಕರು ‘ನುವೋ’ ಎಂಬ ಮುಕ್ತ ಡ್ರೈವರ್ ಬರೆದರು, ಅದು 2010ರಲ್ಲಿ ಕರ್ನಲ್ ಒಳಗೆ ಸೇರಿತು. 2022ರ ಮೇ ತಿಂಗಳಲ್ಲಿ ಎನ್‌ವಿಡಿಯಾ ಕೂಡ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತವಾಗಿ ಬಿಡುಗಡೆ ಮಾಡಿತು.

ಬೇರೆಯಾಗಿ ಬರುವ ಡ್ರೈವರ್ ಬೀಗದಕೈ ಇದ್ದಂತೆ. ಕರ್ನಲ್ ಬೀಗ. ಬೀಗ ಬದಲಾದಾಗಲೆಲ್ಲ ಹೊಸ ಬೀಗದಕೈ ಕೊಯ್ಯಬೇಕು. ಆ ಕೆಲಸವನ್ನು ಡಿಕೆಎಂಎಸ್ ಎಂಬ ವ್ಯವಸ್ಥೆ ಅಪ್‌ಡೇಟ್ ಹೊತ್ತಿನಲ್ಲಿ ತಾನೇ ಮಾಡುತ್ತದೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಹೊಸ ಬೀಗ ಕೂತಾಗಿತ್ತು. ಬೀಗದಕೈ ತಯಾರಾಗುತ್ತಿದ್ದಾಗ ಕರೆಂಟ್ ಹೋಗಿತ್ತು.

ಒಂದೊಂದೇ ಹೆಜ್ಜೆ

ಸೀನಿಯರ್ ಹೇಳಿಕೊಟ್ಟದ್ದನ್ನು, ಆಮೇಲೆ ನಾವೇ ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಉಬುಂಟು, ಲಿನಕ್ಸ್ ಮಿಂಟ್ ಇರುವವರಿಗೆ ಇದು ಹೊಂದುತ್ತದೆ.

ಮೊದಲು ಕಣ್ಣಲ್ಲಿ ನೋಡಿ. ಲೋಗೋ ಬಂತೇ? ಬಂದರೆ ಪರದೆ ಸರಿಯಿದೆ.

ಎರಡನೆಯದು, ಕ್ಯಾಪ್ಸ್ ಲಾಕ್ ಕೀಲಿ ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ ಆರಿದರೆ ಕರ್ನಲ್ ಜೀವಂತ ಇದೆ, ಬರೀ ಚಿತ್ರ ಬರುತ್ತಿಲ್ಲ ಎಂದರ್ಥ. ದೀಪ ಇಲ್ಲದ ಲ್ಯಾಪ್‌ಟಾಪುಗಳೂ ಇವೆ, ಅಂಥವರು ಮುಂದಿನ ಹೆಜ್ಜೆಗೆ ಹೋಗಿ.

ಮೂರನೆಯದು, ಕಂಟ್ರೋಲ್, ಆಲ್ಟ್, ಎಫ್3 ಈ ಮೂರನ್ನೂ ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಬೇಕು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಲಾಗಿನ್ ಎಂದು ಬರಬಹುದು. ನಿಮ್ಮ ಹೆಸರು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಕಾಣುವುದಿಲ್ಲ, ಹೆದರಬೇಡಿ, ಅದು ಹಾಗೇ. ಹೊಡೆದು ಎಂಟರ್ ಒತ್ತಿ.

ನಮಗೆ ಇಲ್ಲಿ ಬಾಗಿಲು ತೆರೆಯಿತು. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆಯನ್ನು, ಉದ್ದ ಪಟ್ಟಿ ಕೇಳುವ ‘ಅಡ್ಡಗೀಟು ಎಲ್’ ಸೇರಿಸಿ ಕೊಟ್ಟೆವು. ಆ ಬರೀ ಅಕ್ಷರದ ಪರದೆಗೆ ಕನ್ನಡ ತೋರಿಸಲು ಬರುವುದಿಲ್ಲ. ನಾವು ಕನ್ನಡದಲ್ಲಿ ಹೆಸರಿಟ್ಟ ಫೈಲುಗಳೆಲ್ಲ ಬರೀ ಚೌಕ ಚೌಕವಾಗಿ ಕಂಡವು. ಆದರೆ ಪಕ್ಕದಲ್ಲಿ ತಾರೀಕು ಇತ್ತು, ಫೈಲಿನ ಗಾತ್ರ ಇತ್ತು. ಬೆರಳಿಟ್ಟು ಎಣಿಸಿದೆವು. ಹನ್ನೊಂದು. ನಮ್ಮಲ್ಲೊಬ್ಬಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

ನಾಲ್ಕನೆಯದು, ಹಳೆಯ ಕರ್ನಲ್. ಇದು ಬಹಳ ಜನಕ್ಕೆ ಗೊತ್ತಿಲ್ಲದ ಉಪಕಾರ. ಹೊಸ ಕರ್ನಲ್ ಬಂದಾಗ ಉಬುಂಟು ಹಿಂದಿನದನ್ನು ಕೂಡಲೇ ಬಿಸಾಡುವುದಿಲ್ಲ. ಹಳೇ ಬೀಗ, ಹಳೇ ಬೀಗದಕೈ ಎರಡೂ ಮನೆಯಲ್ಲೇ ಇರುತ್ತವೆ. ಆಫ್ ಮಾಡಿ ಮತ್ತೆ ಆನ್ ಮಾಡಿ. ಲೋಗೋ ಬಂದ ಕೂಡಲೇ ಎಸ್ಕೇಪ್ ಕೀಲಿಯನ್ನು ಒಂದೆರಡು ಸಲ ಮೆಲ್ಲಗೆ ಒತ್ತಿ. ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಪಟ್ಟಿ ಬರುತ್ತದೆ. ಎರಡನೇ ಸಾಲಿನ ಹತ್ತಿರ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂದಿರುತ್ತದೆ. ಒಳಗೆ ಹೋದರೆ ಕರ್ನಲ್‌ಗಳ ಸಂಖ್ಯೆ ಸಾಲಾಗಿರುತ್ತದೆ, ಮೇಲಿನದು ಹೊಸದು. ಅದರ ಕೆಳಗಿನ ಹಳೆಯ ಸಂಖ್ಯೆಯನ್ನು, ‘ರಿಕವರಿ’ ಎಂದು ಬರೆದಿಲ್ಲದ ಸಾಲನ್ನು, ಆರಿಸಿ ಎಂಟರ್ ಒತ್ತಿ.

ನಮಗೆ ಇಷ್ಟರಲ್ಲೇ ಮಾಮೂಲಿ ಪರದೆ ಬಂತು. ಬಣ್ಣ, ಚಿತ್ರ, ಕನ್ನಡ ಎಲ್ಲ.

ಐದನೆಯದು, ಹಳೆಯ ಕರ್ನಲ್‌ನಲ್ಲೂ ಬರದಿದ್ದರೆ. ಗ್ರಬ್ ಪಟ್ಟಿಯಲ್ಲಿ ಮೊದಲ ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. ಉದ್ದುದ್ದ ಸಾಲುಗಳು ಬರುತ್ತವೆ. ಲಿನಕ್ಸ್ ಎಂಬ ಪದದಿಂದ ಶುರುವಾಗುವ ಸಾಲು ಹುಡುಕಿ. ಅದರ ಕೊನೆಯ ಕಡೆ ‘ಕ್ವಯಟ್ ಸ್ಪ್ಲ್ಯಾಶ್’ ಎಂದಿರುತ್ತದೆ. ಅದರ ಮುಂದೆ ಒಂದು ಜಾಗ ಬಿಟ್ಟು ‘ನೋಮೋಡ್‌ಸೆಟ್’ ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಹೊಡೆಯಿರಿ: ಎನ್, ಒ, ಎಂ, ಒ, ಡಿ, ಇ, ಎಸ್, ಇ, ಟಿ. ಆಮೇಲೆ ಎಫ್10 ಒತ್ತಿ. ‘ಗ್ರಾಫಿಕ್ಸ್ ಡ್ರೈವರಿನ ಗೊಡವೆಗೆ ಹೋಗಬೇಡ, ಶುರುವಲ್ಲಿ ಲೋಗೋ ಹೇಗೆ ತೋರಿಸಿದೆಯೋ ಹಾಗೇ ಸಾದಾ ಚಿತ್ರ ತೋರಿಸು’ ಎಂದು ಕರ್ನಲ್‌ಗೆ ಹೇಳಿದಂತೆ ಇದು. ಚಿತ್ರ ಒರಟಾಗಿ ಕಾಣಬಹುದು, ವಿಡಿಯೋ ನಿಧಾನ ಆಗಬಹುದು, ಬೆಳಕು ಹೆಚ್ಚುಕಡಿಮೆ ಮಾಡಲು ಬರದಿರಬಹುದು. ಆದರೆ ಒಳಗೆ ಹೋಗಲು ದಾರಿ ಸಿಗುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ, ಮತ್ತೆ ಆನ್ ಮಾಡಿದರೆ ಮೊದಲಿನಂತೆ ಇರುತ್ತದೆ. ಹಾಗಾಗಿ ಪ್ರಯತ್ನಿಸಿ ನೋಡಲು ಭಯವಿಲ್ಲ.

ಮೊದಲು ಕಾಪಿ, ಆಮೇಲೆ ರಿಪೇರಿ

ಪರದೆ ಬಂದ ಕೂಡಲೇ ರಿಪೇರಿಗೆ ಕೈ ಹಾಕಬೇಡಿ ಎಂದು ಸೀನಿಯರ್ ಗದರಿದರು. ‘ಮನೆಗೆ ಬೆಂಕಿ ಬಿದ್ದಾಗ ಮೊದಲು ಮಕ್ಕಳನ್ನ ಆಚೆ ತರ್ತೀರೋ, ಗೋಡೆಗೆ ಸುಣ್ಣ ಬಳೀತೀರೋ?’ ಪಕ್ಕದ ಮನೆ ಮೇಷ್ಟ್ರ ಹತ್ತಿರ ಪೆನ್ ಡ್ರೈವ್ ಇಸಿದುಕೊಂಡು ಬಂದು ಹನ್ನೊಂದೂ ಫೈಲುಗಳನ್ನು ಕಾಪಿ ಮಾಡಿದೆವು. ಒಂದೊಂದನ್ನೂ ತೆರೆದು, ಶುರುವಿನ ಸ್ವಲ್ಪ, ಕೊನೆಯ ಸ್ವಲ್ಪ ಕೇಳಿ ನೋಡಿದೆವು. ಆಮೇಲೆ ರಿಪೇರಿ.

ಟರ್ಮಿನಲ್ ತೆರೆದು, ಅರ್ಧಕ್ಕೆ ನಿಂತ ಅಪ್‌ಡೇಟ್ ಪೂರ್ತಿ ಮಾಡು ಎಂಬ ಆಜ್ಞೆ ಕೊಟ್ಟೆವು: ಸುಡೊ, ಜಾಗ, ಡಿಪಿಕೆಜಿ, ಜಾಗ, ಎರಡು ಅಡ್ಡಗೀಟಿಗೆ ಅಂಟಿಸಿ ಕಾನ್ಫಿಗರ್, ಜಾಗ, ಒಂದು ಅಡ್ಡಗೀಟಿಗೆ ಅಂಟಿಸಿ ಎ. ಇದನ್ನೂ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಬೇಕು. ಟೈಪ್ ಮಾಡಲು ಕಷ್ಟ ಎನ್ನುವವರಿಗೆ ಇನ್ನೊಂದು ದಾರಿ ಇದೆ. ಗ್ರಬ್ ಪಟ್ಟಿಯ ‘ರಿಕವರಿ’ ಸಾಲನ್ನು ಆರಿಸಿದರೆ ಬರುವ ಪಟ್ಟಿಯಲ್ಲಿ ಮುರಿದ ಪ್ಯಾಕೇಜ್ ಸರಿಪಡಿಸುವ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೂ ಆದೀತು.

ಪರದೆಯ ಮೇಲೆ ಸಾಲು ಸಾಲು ಓಡಿದವು. ಮುಗಿದ ಮೇಲೆ ‘ಡಿಕೆಎಂಎಸ್ ಸ್ಟೇಟಸ್’ ಎಂದು ಕೇಳಿದರೆ ಹೊಸ ಕರ್ನಲ್ ಸಂಖ್ಯೆಯ ಪಕ್ಕ ‘ಇನ್‌ಸ್ಟಾಲ್ಡ್’ ಎಂದು ಬಂತು. ಬೀಗದಕೈ ತಯಾರಾಗಿತ್ತು. ರೀಸ್ಟಾರ್ಟ್ ಮಾಡಿದೆವು, ಹೊಸ ಕರ್ನಲ್‌ನಲ್ಲೇ ಪರದೆ ಬಂತು. ಇದಕ್ಕೆ ಒಟ್ಟು ಖರ್ಚಾದದ್ದು ಎರಡು ಗಂಟೆ ಮತ್ತು ಸೀನಿಯರ್‌ರ ಮಧ್ಯಾಹ್ನದ ಊಟದ ಹೊತ್ತು.

ಎಲ್ಲ ಕಪ್ಪು ಪರದೆಗೂ ಕಾರಣ ಇದೇ ಆಗಿರುವುದಿಲ್ಲ. ಇನ್ನೆರಡು ಸಾಮಾನ್ಯ ಕಾರಣ ತಿಳಿದಿರಲಿ.

ಒಂದು, ಸೆಕ್ಯೂರ್ ಬೂಟ್. ಈಚಿನ ಲ್ಯಾಪ್‌ಟಾಪುಗಳಲ್ಲಿ ಸಹಿ ಇಲ್ಲದ ಡ್ರೈವರನ್ನು ಒಳಗೆ ಬಿಡದ ಕಾವಲು ಇದು. ಬೇರೆಯಾಗಿ ಬರುವ ಡ್ರೈವರ್ ಹಾಕುವಾಗ ಉಬುಂಟು ಒಂದು ಹೊಸ ಪಾಸ್‌ವರ್ಡ್ ಕೇಳಬಹುದು. ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಪರದೆ ಬಂದು ‘ಎನ್‌ರೋಲ್’ ಮಾಡುತ್ತೀರಾ ಎಂದು ಕೇಳುತ್ತದೆ. ವೈರಸ್ ಇರಬೇಕು ಎಂದು ಹೆದರಿ ಬಹಳ ಜನ ಅದನ್ನು ದಾಟಿಸಿಬಿಡುತ್ತಾರೆ. ದಾಟಿಸಬೇಡಿ, ಎನ್‌ರೋಲ್ ಆರಿಸಿ ಆ ಪಾಸ್‌ವರ್ಡ್ ಕೊಡಿ. ಇಲ್ಲದಿದ್ದರೆ ಕಾವಲುಗಾರ ಡ್ರೈವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾನೆ.

ಎರಡು, ಜಾಗ ತುಂಬಿರುವುದು. ಡಿಸ್ಕ್ ಪೂರ್ತಿ ತುಂಬಿದರೆ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಪಾಸ್‌ವರ್ಡ್ ಪರದೆಗೇ ಬಂದು ನಿಲ್ಲುತ್ತದೆ. ಜನ ಇದನ್ನೂ ಡಿಸ್‌ಪ್ಲೇ ತೊಂದರೆ ಎನ್ನುತ್ತಾರೆ. ರಿಕವರಿ ಪಟ್ಟಿಯಲ್ಲಿ ಜಾಗ ಖಾಲಿ ಮಾಡುವ ‘ಕ್ಲೀನ್’ ಆಯ್ಕೆ ಇದೆ, ಅದರಿಂದ ಶುರು ಮಾಡಿ.

ಏನು ಮಾಡಿದರೂ ಬರಲಿಲ್ಲ ಎಂದುಕೊಳ್ಳಿ. ಆಗಲೂ ಫಾರ್ಮ್ಯಾಟ್‌ಗೆ ಒಪ್ಪುವ ಮುಂಚೆ ಒಂದು ಮಾತು. ಬೇರೆಯವರ ಕಂಪ್ಯೂಟರಿನಲ್ಲಿ ಒಂದು ಪೆನ್ ಡ್ರೈವ್‌ಗೆ ಉಬುಂಟು ತುಂಬಿಸಿ, ಅದರಿಂದಲೇ ನಿಮ್ಮ ಲ್ಯಾಪ್‌ಟಾಪ್ ಶುರು ಮಾಡಬಹುದು. ಇನ್‌ಸ್ಟಾಲ್ ಮಾಡಬೇಡಿ, ಬರೀ ‘ಟ್ರೈ’ ಎಂಬುದನ್ನು ಆರಿಸಿ. ಆಗ ಒಳಗಿನ ಡಿಸ್ಕ್ ತೆರೆದು, ಬೇಕಾದ ಫೈಲುಗಳನ್ನೆಲ್ಲ ಇನ್ನೊಂದು ಪೆನ್ ಡ್ರೈವ್‌ಗೆ ತೆಗೆದುಕೊಳ್ಳಬಹುದು. ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕಿದ್ದರೆ ಅದರ ಪಾಸ್‌ವರ್ಡ್ ಬೇಕು, ಅಷ್ಟೇ. ಅಂಗಡಿಗೆ ಹೋಗಲೇಬೇಕಾದರೂ ‘ಮೊದಲು ಡಾಟಾ ತೆಗೆದುಕೊಡಿ, ಆಮೇಲೆ ಮಿಕ್ಕಿದ್ದು’ ಎಂದು ಹೇಳಿ. ಡ್ರೈವರ್ ಕೆಟ್ಟರೆ ಫೈಲ್ ಅಳಿಯುವುದಿಲ್ಲ. ಅಳಿಯುವುದು ಫಾರ್ಮ್ಯಾಟ್ ಮಾಡಿದಾಗ.

ತಿಥಿಯ ದಿನ ಊಟದ ಪಂದಿ ಮುಗಿದ ಮೇಲೆ ತಾತನ ಮನೆ ಅಂಗಳದಲ್ಲಿ ಒಂದು ಸ್ಪೀಕರ್ ಇಟ್ಟೆವು. ಯಾವುದನ್ನು ಕೇಳಿಸುವುದು ಎಂದು ಮಗನನ್ನೇ ಕೇಳಿದೆವು. ‘ತೂಬಿನ್ ವಿಷ್ಯ ಏನಾರ ಐತಾ?’ ಎಂದರು. ಹಾಕಿದೆವು. ಕಡೇ ಗದ್ದೆಗೆ ನೀರು ಮುಟ್ಟದೆ ಮೊದಲನೇ ಗದ್ದೆಯವನು ಎರಡನೇ ಸಲ ಮಡವೆ ಒಡೆಯುವ ಹಾಗಿಲ್ಲ, ಅವನು ನನ್ನ ಭಾವನೇ ಆಗಲಿ ಎಂದು ತಾತ ಹೇಳುವ ಜಾಗ. ಕೂತಿದ್ದವರಲ್ಲಿ ಆ ಭಾವನ ಮಗನೂ ಇದ್ದರು. ‘ನಮ್ಮಪ್ಪುನ್ ಜೊತೆ ಎರಡು ವರ್ಷ ಮಾತು ಬಿಟ್ಟಿತ್ತು ಈ ಮುದುಕ’ ಎಂದು ನಕ್ಕರು, ಕಣ್ಣು ಒರೆಸಿಕೊಂಡರು. ಮೊಮ್ಮಗಳು ತನ್ನ ಫೋನ್ ತಂದು ಹನ್ನೊಂದೂ ಫೈಲುಗಳನ್ನು ಅದಕ್ಕೂ ಹಾಕಿಸಿಕೊಂಡಳು. ಈಗ ಆ ದನಿ ಮೂರು ಕಡೆ ಇದೆ.

ನಮ್ಮ ಊರುಗಳಲ್ಲಿ ಹಳೆಯ ಲ್ಯಾಪ್‌ಟಾಪುಗಳು ಹೆಚ್ಚುತ್ತಿವೆ. ಬೆಂಗಳೂರಿನ ಅಣ್ಣ ಅಕ್ಕಂದಿರು ಹೊಸದು ಕೊಂಡು ಹಳೆಯದನ್ನು ಊರಿಗೆ ಕೊಡುತ್ತಾರೆ. ಮಕ್ಕಳ ಪ್ರಾಜೆಕ್ಟ್, ಸಂಘದ ಲೆಕ್ಕ, ಮದುವೆಯ ಫೋಟೋ ಎಲ್ಲ ಅದರಲ್ಲೇ ಕೂತಿರುತ್ತದೆ. ಅಂಥ ಒಂದು ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಒಂದು ಚೀಟಿ ಬರೆದು ಅದರ ಚೀಲದಲ್ಲಿಡಿ. ನಾಲ್ಕೇ ಸಾಲು ಸಾಕು: ಲೋಗೋ ಬಂದರೆ ಪರದೆ ಸರಿಯಿದೆ. ಎಸ್ಕೇಪ್ ಒತ್ತಿ ಹಳೆಯ ಕರ್ನಲ್ ಆರಿಸು. ಆಗದಿದ್ದರೆ ನೋಮೋಡ್‌ಸೆಟ್. ಏನೇ ಆದರೂ ಮೊದಲು ಕಾಪಿ.